ಗಡಿಯಾಚೆ ಉಳಿದ ತೊಟ್ಟಿಲು

ಮಾನ್ಯ ಕಾರ್ಖಾನೆ ನಿರೀಕ್ಷಕರೇ,

ಹೋದ ವಾರ ತಾವು ಯಾದಗಿರಿಗೆ ದಯಮಾಡಿಸಿ, ಇಲ್ಲಿಯ ಹತ್ತಿ ಗಿರಣಿಯನ್ನು ಪರಿಶೀಲಿಸಿ, ಎಲ್ಲವೂ ಸಮಾಧಾನಕರವಾಗಿದೆ ಎಂದು ಷರಾ ಬರೆದು ಹೋದಿರಿ. ಅದೇ ದಿನ ಮಧ್ಯಾಹ್ನ ಇನ್ನೂ ಹಲ್ಲು ಬಾರದ ನನ್ನ ಮೊಮ್ಮಗ ಅಫೀಮು ಹೆಚ್ಚಾಗಿ ಸಾಯುವುದರಲ್ಲಿದ್ದ. ಈ ಎರಡು ಸಂಗತಿಗಳಿಗೆ ಸಂಬಂಧವಿದೆ ಎಂದು ತಮಗೆ ತಿಳಿಸುವುದಕ್ಕಾಗಿ ಈ ಪತ್ರ. ಇದನ್ನು ತಮ್ಮ ಕಚೇರಿಗೇ ಕಳಿಸಬಹುದಿತ್ತು. ಆದರೆ ನಾನು ಸುರಪುರ ತಹಸೀಲಿನ ಮುಂದೆ ಬೇವಿನ ಮರದ ಕೆಳಗೆ ಕೂತು ಊರವರ ಅರ್ಜಿಗಳನ್ನು ಉರ್ದುವಿನಲ್ಲಿ ಬರೆದು ಕೊಟ್ಟೇ ತಲೆ ಹಣ್ಣು ಮಾಡಿಕೊಂಡವನು. ಕಚೇರಿಯ ಹೊಸ್ತಿಲು ದಾಟಿದ ಕಾಗದಕ್ಕೆ ಯಾವ ಗತಿ ಬರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯಲ್ಲಿ, ಕನ್ನಡದಲ್ಲಿ, ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ.

ನಾವು ಮೂಲತಃ ಬೋನಾಳದವರು, ಕುರಿ ಸಾಕಿ ಬದುಕಿದ ಮನೆತನ. ರಜಾಕಾರರ ಹಾವಳಿ ಹೆಚ್ಚಿದ ವರ್ಷ ಕುರಿ, ಆಡು, ಮನೆ, ಎಲ್ಲ ಬಿಟ್ಟು ಗಡಿ ದಾಟಿ ಬೊಂಬಾಯಿ ಪ್ರಾಂತದ ಬಿಜಾಪುರದ ಸೀಮೆಗೆ ಓಡಿದೆವು. ಆಗ ಅದು ಬೇರೆ ದೇಶ. ಅಲ್ಲಿಯವರು ನಮ್ಮನ್ನು ಮೊಗಲಾಯಿಯವರು, ಅಂದರೆ ನಿಜಾಮನ ಸೀಮೆಯವರು, ಎಂದು ಕರೆದರು. ನಿಜಾಮನ ಮುದ್ರೆಯ ನಮ್ಮ ಹಾಲಿ ನಾಣ್ಯವನ್ನು ಅಂಗಡಿಯವನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿ, ವಾಪಸ್ ಕೊಟ್ಟ. ಹೊಟ್ಟೆ ಕೇಳಬೇಕಲ್ಲ, ನನ್ನ ಸೊಸೆ ರೇಣಮ್ಮ ಅಲ್ಲಿಯ ಒಂದು ಹತ್ತಿ ಗಿರಣಿಯಲ್ಲಿ ಕಸಕಡ್ಡಿ ಆರಿಸುವ ಕೂಲಿಗೆ ಸೇರಿದಳು. ಆಗ ಅವಳ ಮೊದಲ ಮಗಳು ಅಯ್ಯಮ್ಮ ಮೊಲೆಗೂಸು.

ಆ ಗಿರಣಿ ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಹತ್ತಿಯ ಧೂಳು ಅಲ್ಲಿಯೂ ಮೂಗಿಗೇ ಹೋಗುತ್ತಿತ್ತು, ಮುಕ್ಕಾದಮ ಅಲ್ಲಿಯೂ ಬಯ್ಯುತ್ತಿದ್ದ. ಆದರೆ ಸಂಜೆಯ ಭೋಂಗಾ ಕೂಗಿದರೆ ಕೈಯಲ್ಲಿದ್ದ ಹತ್ತಿಯನ್ನು ಅಲ್ಲೇ ಬಿಟ್ಟು ಏಳಬಹುದಿತ್ತು. ಕೂಲಿ ವಾರಕ್ಕೊಮ್ಮೆ ಇಂಡಿಯಾ ಸರ್ಕಾರದ ಕಲ್ದಾರ ರೂಪಾಯಿಯಲ್ಲಿ ಕೈಗೆ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಿರಣಿಯ ಅಂಗಳದಲ್ಲಿ ಒಂದು ತಗಡಿನ ಚಪ್ಪರವಿತ್ತು. ಅದರ ತೊಲೆಗೆ ಸಾಲಾಗಿ ಬಟ್ಟೆಯ ತೊಟ್ಟಿಲು ಕಟ್ಟಿದ್ದರು. ಅವನ್ನು ತೂಗುವುದಕ್ಕೆಂದೇ ಚಾಂದಬೀ ಎಂಬ ಹೆಂಗಸಿಗೆ ಪಗಾರ ಕೊಟ್ಟು ಇಟ್ಟುಕೊಂಡಿದ್ದರು. ನಾವು ಯಾರ ಭಯಕ್ಕೆ ಓಡಿ ಬಂದೆವೆಂದು ಆಕೆಗೆ ಗೊತ್ತಿತ್ತು, ಆಕೆಯ ಹೆಸರು ಕೇಳಿ ರೇಣಮ್ಮ ಮೊದಲ ದಿನ ಕೂಸನ್ನು ಕೊಡಲು ಅಳುಕಿದ್ದೂ ಗೊತ್ತಿತ್ತು. ಎರಡನ್ನೂ ಆಕೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೂಸು ಅತ್ತರೆ ಗಿರಣಿಯ ಬಾಗಿಲಿಗೇ ಬಂದು ನಿಂತು ಕರೆಯುತ್ತಿದ್ದಳು.

"ಏ ರೇಣಮ್ಮ, ಹತ್ತಿ ಎಲ್ಲೂ ಓಡಿ ಹೋಗಂಗಿಲ್ಲ, ಮೊದ್ಲ ಬಾ. ನಿನ್ನ ಮಗಳು ಭೋಂಗಾಕಿಂತ ಜೋರ ಒದರ್ಲಾಕತ್ತಾಳ."

ರೇಣಮ್ಮ ಎದ್ದು ಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಮುಕ್ಕಾದಮ ಹುಬ್ಬು ಗಂಟಿಕ್ಕುತ್ತಿದ್ದ, ಅಷ್ಟೇ. ಆ ತೊಟ್ಟಿಲಿನಲ್ಲಿ ಬೆಳೆದ ಅಯ್ಯಮ್ಮ ಈಗ ಓಣಿಯ ಕೋಳಿಗಳನ್ನೆಲ್ಲ ಅಟ್ಟಾಡಿಸಿಕೊಂಡು ತಿರುಗುತ್ತಾಳೆ.

ಆಮೇಲೆ ಪೊಲೀಸ್ ಕಾರ್ಯಾಚರಣೆ ಆಯಿತು. ನಾವು ಯಾವ ದೇಶಕ್ಕೆ ಓಡಿ ಹೋಗಿದ್ದೆವೋ ಆ ದೇಶವೇ ನಮ್ಮ ಊರಿಗೆ ಬಂತು. ಸುರಪುರದಲ್ಲಿ ಬಾವುಟ ಹಾರಿತೆಂದು ಕೇಳಿ ನಾನು ದಾರಿಯುದ್ದಕ್ಕೂ ಕಣ್ಣೀರು ಒರೆಸಿಕೊಳ್ಳುತ್ತ ವಾಪಸ್ ನಡೆದು ಬಂದೆ. ಬಾವುಟ ಬಂತು, ಹೊಸ ಅಧಿಕಾರಿಗಳು ಬಂದರು, ಭಾಷಣಗಳೂ ಬಂದವು. ತೊಟ್ಟಿಲು ಮಾತ್ರ ಗಡಿಯಾಚೆಯೇ ಉಳಿಯಿತು. ದಾರಿಯಲ್ಲಿ ಕರೋಡಗಿರಿ ನಾಕೆಯವರು ತಡೆದರೇನು ಸ್ವಾಮಿ? ಅದಕ್ಕೂ ಸುಂಕ ಕಟ್ಟಬೇಕಾಗಿತ್ತೇ?

ಕುರಿಗಳು ಹೋಗಿದ್ದವು. ಮಗ ಈಗ ಪರರ ಹಿಂಡಿನ ಹಿಂದೆ ಕೃಷ್ಣೆಯ ದಂಡೆಗುಂಟ ಅಲೆಯುತ್ತಾನೆ, ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಾನೆ. ಕಚೇರಿಗಳಲ್ಲಿ ಉರ್ದುವಿನ ಕಾಲ ಮುಗಿಯುತ್ತ ಬಂತು, ನನ್ನ ಗಿರಾಕಿಗಳೂ ಮುಗಿದರು. ಹೀಗಾಗಿ ಯಾದಗಿರಿಗೆ ಬಂದು ಒಂದು ಕೋಣೆ ಹಿಡಿದೆವು, ರೇಣಮ್ಮ ಇಲ್ಲಿಯ ಗಿರಣಿಗೆ ಸೇರಿದಳು. ಅದೇ ಹತ್ತಿ, ಅದೇ ಧೂಳು, ಕೆಲಸ ಮಾಡುವವಳೂ ಅವಳೇ. ಇಲ್ಲಿ ಸಂಜೆಯೆಂದರೆ ರಾಶಿ ಮುಗಿದಾಗ. ಸೇಠರು ಮಾಲನ್ನು ಕಲ್ದಾರಕ್ಕೆ ಮಾರುತ್ತಾರೆ, ಕೂಲಿಯನ್ನು ಬೆಲೆ ಕಡಿಮೆಯ ಹಾಲಿಯಲ್ಲಿ ಕೊಡುತ್ತಾರೆ. ಹೆಂಗಸರು ಸೆರಗಿನಲ್ಲಿ ಹತ್ತಿ ಒಯ್ಯುತ್ತಾರೆಂದು ಬೆಳಿಗ್ಗೆ ಹಾಕಿದ ಗೇಟಿನ ಬೀಗವನ್ನು ಸಂಜೆಯವರೆಗೆ ತೆಗೆಯುವುದಿಲ್ಲ. ಕೂಸುಗಳಿಗೆ ಒಳಗೆ ಪ್ರವೇಶವಿಲ್ಲ. ಕೇಳಿದರೆ, ಅದು ಬೊಂಬಾಯಿಯ ಕಾನೂನು, ಇದು ಹೈದರಾಬಾದಿನದು ಎನ್ನುತ್ತಾರೆ. ದೇಶ ಒಂದಾದ ಮೇಲೂ ಕೂಸಿನ ಹಸಿವೆಗೆ ಎರಡೆರಡು ಕಾನೂನು ಇರುತ್ತವೆಯೇ? ಬಲ್ಲವರು ತಾವು, ತಿಳಿಸಿಕೊಡಬೇಕು.

ಇನ್ನು ಅಫೀಮಿನ ಮಾತು. ತಾವು ಓದಿದವರು, ಹೇಸಿಕೊಳ್ಳುತ್ತೀರಿ. ಗಿರಣಿಗೆ ಹೋಗುವ ತಾಯಂದಿರು ಇಲ್ಲಿ ಮಾಡುವುದೇ ಹೀಗೆ: ಸಾಸಿವೆ ಕಾಳಿನಷ್ಟು ಅಫೀಮನ್ನು ಎದೆಹಾಲಿನಲ್ಲಿ ತೇಯ್ದು ಉಗುರಿನಿಂದ ಕೂಸಿಗೆ ನೆಕ್ಕಿಸುತ್ತಾರೆ. ಕೂಸು ಮಧ್ಯಾಹ್ನದವರೆಗೆ ಮಲಗುತ್ತದೆ. ಸರ್ಕಾರದ ಪರವಾನಗಿ ಪಡೆದ ಅಂಗಡಿಯಲ್ಲೇ ಸಿಗುತ್ತದೆ, ಕಳ್ಳ ಮಾಲಲ್ಲ. ಕೂಸಿಗೆ ತೊಟ್ಟಿಲು ಕೊಡಲಾಗದ ಸರ್ಕಾರ ನಿದ್ದೆಯನ್ನಾದರೂ ಮಾರುತ್ತಿದೆಯಲ್ಲ, ಉಪಕಾರ. ಕೂಸು ನಿದ್ದೆ ಮಾಡಿದೆ ಎಂದು ಬಾಯಿಬಿಟ್ಟು ಹೇಳಬಾರದು, ಕಣ್ಣು ತಾಕುತ್ತದೆ ಎಂಬುದು ನಮ್ಮವರ ನಂಬಿಕೆ. ಅದಕ್ಕೆ ನಮ್ಮ ಮನೆಯಲ್ಲಿ ಅಫೀಮು ಕೊಟ್ಟವರು ಕೂಸಿನ ಅಂಗಾಲಿಗೆ ಕಾಡಿಗೆಯ ಬೊಟ್ಟಿಡುತ್ತಾರೆ. ಬೊಟ್ಟಿದ್ದರೆ ಕೊಟ್ಟಾಗಿದೆ, ಇಲ್ಲದಿದ್ದರೆ ಇಲ್ಲ. ರೇಣಮ್ಮ ಅವಸರದಲ್ಲಿ ಮರೆತ ದಿನ ನನ್ನ ಹೆಂಡತಿ ಮುದುಕಮ್ಮ ಕೊಡುತ್ತಾಳೆ. ಮಧ್ಯಾಹ್ನ ಅವಳೇ ಕೂಸನ್ನು ಗಿರಣಿಯ ಗೇಟಿಗೆ ಒಯ್ಯುತ್ತಾಳೆ. ರೇಣಮ್ಮ ಒಳಗಿನಿಂದ ಬಂದು ಕಬ್ಬಿಣದ ಸರಳುಗಳಿಗೆ ಎದೆಯೊತ್ತಿ ನಿಲ್ಲುತ್ತಾಳೆ, ಮುದುಕಮ್ಮ ಹೊರಗಿನಿಂದ ಕೂಸನ್ನು ಎತ್ತಿ ಹಿಡಿಯುತ್ತಾಳೆ. ಚೌಕಿದಾರ ಅಮಾತೆಪ್ಪ ಒಳ್ಳೆಯವನು, ಬೀಡಿ ಹಚ್ಚಿಕೊಂಡು ಆ ಕಡೆ ಮುಖ ಮಾಡುತ್ತಾನೆ. ನನ್ನ ಮೊಮ್ಮಗ ಅಂಬಣ್ಣ ಇಷ್ಟು ದಿನ ಬದುಕಿದ್ದು ಹೀಗೆ.

ತಾವು ಬರುವ ದಿನ ಹೆಂಗಸರನ್ನು ನಸುಕಿಗೇ ಕರೆಸಿ ಅಂಗಳ ಗುಡಿಸಿಸಿದರು. ರೇಣಮ್ಮ ಅಫೀಮು ಕೊಟ್ಟಳು, ಬೊಟ್ಟನ್ನೂ ಇಟ್ಟಳು, ಓಡಿದಳು. ಮಧ್ಯಾಹ್ನ ಮುದುಕಮ್ಮ ಕೂಸನ್ನೆತ್ತಿಕೊಂಡು ಹೋದರೆ ಅಮಾತೆಪ್ಪ ಕೈ ಮುಗಿದ.

"ಇವತ್ತ ಬ್ಯಾಡಬೇ ಯವ್ವಾ. ಸಾಹೇಬ್ರು ಬಂದಾರ. ಕೂಸಿನ ಅಳು ಅವರ ಕಿವಿಗಿ ಬಿದ್ರ ನನ್ನ ನೌಕರಿ ಹೋಗ್ತದ."

"ಹಸದಾನಪ್ಪ. ಒಂದೆರಡು ಗುಟುಕು ಕುಡಿಸ್ಕೊಂಡು ಹೋಗ್ತೀನಿ."

"ನಿನ್ನ ಕಾಲಿಗಿ ಬೀಳ್ತೀನಿ, ಹೋಗಬೇ."

ಆ ಹೊತ್ತಿಗೆ ತಾವು ಸೇಠರ ಕೋಣೆಯಲ್ಲಿ ಹಾರ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದಿರಿ ಎಂದು ಆಮೇಲೆ ತಿಳಿಯಿತು. ಮುದುಕಮ್ಮ ಬಿಸಿಲಲ್ಲಿ ಮರಳಿ ನಡೆದಳು. ಕೂಸು ಒದ್ದಾಡಿ ಒದ್ದಾಡಿ ಕಾಲನ್ನು ಅವಳ ಬೆವೆತ ಸೀರೆಗೆ ತಿಕ್ಕಿತು. ಮನೆಗೆ ಬಂದು ಅಂಗಾಲು ನೋಡಿದರೆ ಬೊಟ್ಟಿಲ್ಲ. ಸೊಸೆ ಅವಸರದಲ್ಲಿ ಮರೆತಿದ್ದಾಳೆ, ಅದಕ್ಕೇ ಹೀಗೆ ಅಳುತ್ತಿದೆ ಎಂದುಕೊಂಡಳು. ಹಾಲಂತೂ ಇಲ್ಲ, ನಿದ್ದೆಯನ್ನಾದರೂ ಕೊಡೋಣವೆಂದು ನೆಕ್ಕಿಸಿದಳು.

ಸ್ವಲ್ಪ ಹೊತ್ತಿನಲ್ಲಿ ಕೂಸಿನ ತುಟಿ ನೀಲಿಯಾಯಿತು, ಕರೆದರೆ ಕಣ್ಣು ತೆರೆಯಲಿಲ್ಲ. ನಾನು ಎತ್ತಿಕೊಂಡು ದವಾಖಾನೆಗೆ ಓಡಿದೆ. ಡಾಕ್ಟರು ದೀಪ ಹಚ್ಚುವ ಹೊತ್ತಿನವರೆಗೂ ಅಂಗಾಲು ತಟ್ಟಿ, ಮುಖಕ್ಕೆ ನೀರು ಚಿಮುಕಿಸಿ, ಏನೇನೋ ಮಾಡಿ ಉಸಿರು ಉಳಿಸಿದರು. ಕೂಸು ಸಣ್ಣಗೆ ಅತ್ತಾಗ ಮುದುಕಮ್ಮ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಈ ಸಲ ಉಳದಾನ," ಎಂದರು ಡಾಕ್ಟರು. "ಇನ್ನೊಂದ ಸಲ ಕೊಟ್ರ ಇಲ್ಲಿಗಿ ತರಬ್ಯಾಡ್ರಿ. ತರೋ ಹೊತ್ತಿಗಿ ಏನೂ ಉಳದಿರಂಗಿಲ್ಲ."

ಗಿರಣಿಯಿಂದ ಬಂದ ರೇಣಮ್ಮ ಅತ್ತೆಯನ್ನು ಬಯ್ಯಲಿಲ್ಲ. ತುಂಬಿ ಕಲ್ಲಾದ ಎದೆಯನ್ನು ಕೂಸಿನ ಬಾಯಿಗೆ ಇಟ್ಟುಕೊಂಡು ನನ್ನನ್ನು ಕೇಳಿದಳು: "ಮಾವಾ, ನಾವು ವಾಪಸ್ ಯಾಕ ಬಂದೆವ್ರಿ?"

ಊರಿನ ಅರ್ಜಿಗಳಿಗೆಲ್ಲ ಮಾತು ಹೊಂದಿಸಿ ಕೊಟ್ಟ ನಾನು ಅವಳ ಮಾತನ್ನು ಹಾಗೇ ಕಾಗದಕ್ಕೆ ಇಳಿಸಿದೆ. ಈ ಪ್ರಶ್ನೆ ತಮ್ಮ ಇಲಾಖೆಗೆ ಸೇರಿದ್ದು, ಆದ್ದರಿಂದ ಮುಂದಿನ ಕ್ರಮಕ್ಕಾಗಿ ಕಳಿಸಿಕೊಡುತ್ತಿದ್ದೇನೆ.

ಅಂದಿನಿಂದ ರೇಣಮ್ಮ ಕೂಸಿನ ಬಳಿಯೇ ಕೂತಿದ್ದಾಳೆ, ಕೆಲಸಕ್ಕೆ ಹೋಗಿಲ್ಲ. ಸೋಮವಾರ ಬರದಿದ್ದರೆ ಅವಳ ಜಾಗದಲ್ಲಿ ಬೇರೆಯವಳು ಕೂಡುತ್ತಾಳೆ ಎಂದು ಗಿರಣಿಯ ಮುನ್ಷಿ ಹೇಳಿ ಕಳಿಸಿದ್ದಾನೆ. ಹೋದರೆ ಕೂಸಿಗೆ ಹಾಲಿಲ್ಲ, ಹೋಗದಿದ್ದರೆ ಮನೆಗೇ ಅನ್ನವಿಲ್ಲ. ಅತ್ತ ದರಿ, ಇತ್ತ ಪುಲಿ. ನಾನು ಕೇಳುವುದು ದೊಡ್ಡದಲ್ಲ. ಅಲ್ಲಿ ಕೊಟ್ಟ ಕೂಲಿಯನ್ನೇ ಇಲ್ಲಿಯೂ ಕೊಡಿಸಿ ಎಂದು ಇವತ್ತು ಕೇಳುವುದಿಲ್ಲ, ಅದಕ್ಕೆ ಇನ್ನೊಂದು ದಿನ ಜಗಳವಾಡೋಣ. ಗೇಟಿನ ಒಳಗೆ ಒಂದು ಚಪ್ಪರ ಹಾಕಿಸಿ. ನಾಲ್ಕು ಹಳೆಯ ಸೀರೆ ಕಟ್ಟಿದರೆ ತೊಟ್ಟಿಲಾಗುತ್ತದೆ, ಸೀರೆ ನಾವೇ ತರುತ್ತೇವೆ. ತೂಗಲು ಮುದುಕಮ್ಮನೇ ಬರುತ್ತಾಳೆ, ಪಗಾರ ಬೇಡ. ಹಾಲು ಕುಡಿಸಲು ತಾಯಂದಿರನ್ನು ಬಿಡಬೇಕೆಂದು ಒಂದು ಹುಕುಂ ಬರೆಯಿರಿ. ಷರಾ ಬರೆದ ಕೈಗೆ ಅದು ಭಾರವಾಗಲಿಕ್ಕಿಲ್ಲ.

ಮನೆಯಲ್ಲಿದ್ದ ಅಫೀಮನ್ನು ಮುದುಕಮ್ಮ ಒಲೆಗೆ ಹಾಕಿದ್ದಾಳೆ. ಸೋಮವಾರ ರೇಣಮ್ಮ ಗಿರಣಿಯೊಳಗೆ ಇರುತ್ತಾಳೆ, ಮುದುಕಮ್ಮ ಕೂಸಿನೊಂದಿಗೆ ಗೇಟಿನ ಹೊರಗೆ ಕೂತಿರುತ್ತಾಳೆ. ಕೂಸು ಅಳುತ್ತದೆ, ಬೆಳಗಿನಿಂದಲೂ ಅಳುತ್ತದೆ. ಆ ದಿನ ತಾವು ಬನ್ನಿ, ಯಾರಿಗೂ ಹೇಳದೆ ಬನ್ನಿ. ಅಳು ಕೇಳಿಸಿದರೆ ಬೇಸರಪಡಬೇಡಿ, ಕೂಸು ಬದುಕಿದೆ ಎಂದು ತಿಳಿಯಿರಿ. ಕೇಳಿಸದಿದ್ದರೆ ದಯವಿಟ್ಟು ಹಾರ ಹಾಕಿಸಿಕೊಳ್ಳಲು ಒಳಗೆ ಹೋಗಬೇಡಿ. ಮೊದಲು ಅದರ ಅಂಗಾಲು ನೋಡಿ.

ಇಂತಿ,
ಒಂದು ಕೂಸನ್ನು ಪರದೇಶದಲ್ಲಿ ಬೆಳೆಸಿ, ಇನ್ನೊಂದನ್ನು ಸ್ವದೇಶದಲ್ಲಿ ಉಳಿಸಿಕೊಳ್ಳಲು ಹೆಣಗುತ್ತಿರುವ ಅಜ್ಜ,
ಬಸವಂತರಾಯ ಬೋನಾಳ
(ಮಾಜಿ ಅರ್ಜಿ ಬರಹಗಾರ), ಯಾದಗಿರಿ