ಎತ್ತು ಹೂಡದ ಚಕ್ಕಡಿಯ ಅತಿವೇಗ

ಜಿಲ್ಲೆಯ ದವಾಖಾನೆ ಮೋಟಾರುಗಳ ಮೇಲಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಚಕ್ಕಡಿ ಅತಿವೇಗದಿಂದ ಓಡಿಬಂದು ನಿಮ್ಮ ಮೋಟಾರಿಗೆ ಗುದ್ದಿತೆಂದು ನೀವು ಫಿರ್ಯಾದಿ ಕೊಟ್ಟಿದ್ದೀರಿ. ಅದರ ಮೇಲೆ ನಮ್ಮ ಕಮತದ ಆಳು ಕರೆಪ್ಪನ ವಿರುದ್ಧ ಖಟ್ಲೆ ನಡೆದಿದೆ. ನಿಮ್ಮ ಮೋಟಾರು ಬಂದು ಗುದ್ದಿದಾಗ ಆ ಚಕ್ಕಡಿಗೆ ಎತ್ತು ಹೂಡಿರಲೇ ಇಲ್ಲ. ಎತ್ತಿಲ್ಲದೆ ಚಕ್ಕಡಿ ಓಡಿಸುವ ವಿದ್ಯೆ ನಮ್ಮ ಅಬ್ಬಿಗೇರಿಗೆ ಇನ್ನೂ ಬಂದಿಲ್ಲ. ಬಂದಿದ್ದರೆ ಈ ಎರೆ ಮಣ್ಣಿನಲ್ಲಿ ನಾವು ಎತ್ತು ಸಾಕಿಕೊಂಡು ಯಾಕೆ ಒದ್ದಾಡುತ್ತಿದ್ದೆವು? ಇಷ್ಟು ದೊಡ್ಡ ಸುದ್ದಿ ನಿಮ್ಮ ಕಚೇರಿಗೆ ತಿಳಿದು, ಚಕ್ಕಡಿಯ ಧಣಿಯಾದ ನನಗೆ ಮಾತ್ರ ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಗಿ, ನಾಲ್ಕು ಜನ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ತಾವು ಈ ಸೀಮೆಗೆ ಹೊಸಬರಿರಬೇಕು, ಆದ್ದರಿಂದ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತೊಂದನ್ನು ತಿಳಿಸುತ್ತೇನೆ. ಸೋಮವಾರ ಬಸವಣ್ಣನ ದಿನ. ಆ ದಿನ ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮನೆಯಲ್ಲಿ ಮದುವೆ ಇದ್ದರೂ ಇಲ್ಲ, ಹೊಳೆಆಲೂರಿನ ಸ್ಟೇಶನ್ನಿಗೆ ಹತ್ತಿಯ ಅಂಡಿಗೆ ಮುಟ್ಟಿಸುವುದಿದ್ದರೂ ಇಲ್ಲ. ಘಟನೆ ನಡೆದದ್ದಂತೂ ಶ್ರಾವಣ ಸೋಮವಾರ. ಅಂದು ಎತ್ತುಗಳು ಮೈ ತೊಳೆಸಿಕೊಂಡು, ಮಧ್ಯಾಹ್ನದ ಮೇಲಿನ ಗುಮಾಸ್ತರಂತೆ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತ ನಿಂತಿರುತ್ತವೆ. ಆಳುಗಳು ಚಕ್ಕಡಿಯ ರಿಪೇರಿ ನೋಡಿಕೊಳ್ಳುತ್ತಾರೆ. ಕರೆಪ್ಪನೂ ರಸ್ತೆಯ ಬದಿಗೆ, ನಮ್ಮ ಹೊಲದ ಬೇವಿನ ಮರದ ಕೆಳಗೆ, ಚಕ್ಕಡಿಯ ಗಾಲಿಯ ಹತ್ತಿರ ಕುಳಿತು ಕೀಲೆಣ್ಣೆ ಹಾಕುತ್ತಿದ್ದ. ಆಗ ಬಂತು ನಿಮ್ಮ ಮೋಟಾರು.

ತುರ್ತು ವಾಹನ ಬರುವಾಗ ಎಲ್ಲರೂ ಬದಿಗೆ ಸರಿದು ದಾರಿ ಬಿಡತಕ್ಕದ್ದೆಂದು ಫಿರ್ಯಾದಿಯಲ್ಲಿ ಬರೆದಿದ್ದೀರಿ. ಒಪ್ಪಿದೆ ಸ್ವಾಮಿ. ಆದರೆ ಅಲ್ಲಿಂದಲೂ ಬದಿಗೆ ಸರಿಯಬೇಕಾದರೆ ಕರೆಪ್ಪ ಚಕ್ಕಡಿ ಹೊತ್ತುಕೊಂಡು ಬೇವಿನ ಮರ ಹತ್ತಬೇಕಾಗಿತ್ತು. ಮೋಟಾರಿನ ಒಳಗೆ ಹೆರಿಗೆ ಕಷ್ಟವಾದ ಹೆಣ್ಣುಮಗಳೊಬ್ಬಳು, ರೇಣುಕವ್ವ ಎಂಬವಳು, ಒದ್ದಾಡುತ್ತಿದ್ದಳು. ಅವಳ ಚೀರಾಟಕ್ಕೆ ನಿಮ್ಮ ಡ್ರೈವರು ಹಿಂದೆ ತಿರುಗಿ ನೋಡಿದ. ಮಳೆ ಬಿದ್ದ ರಸ್ತೆಯಲ್ಲಿ ಗಾಲಿ ಜಾರಿತು. ಮೋಟಾರು ಬಂದು ಚಕ್ಕಡಿಗೆ ಬಡಿಯಿತು, ಚಕ್ಕಡಿಯ ಗಾಲಿ ಮುರಿದು ಕರೆಪ್ಪನ ಕಾಲ ಮೇಲೆ ಬಿತ್ತು, ಮೋಟಾರು ಮುಂದೆ ಹೋಗಿ ಎರೆ ಹೊಲದಲ್ಲಿ ಅಚ್ಚಿನವರೆಗೆ ಹೂತುಕೊಂಡಿತು. ಆ ಡ್ರೈವರನ ಮೇಲೆ ನನಗೆ ಸಿಟ್ಟಿಲ್ಲ. ಹೆಣ್ಣುಮಗಳು ಹಾಗೆ ಚೀರಿದರೆ ನಾನೂ ತಿರುಗಿ ನೋಡುತ್ತಿದ್ದೆ.

ಊರಿನ ಜನ ಕೂಡಿ ನೂಕಿದರು. ಹಸಿ ಎರೆಯಲ್ಲಿ ಸಿಕ್ಕಿದ್ದು ನೂಕಿದರೆ ಬರುತ್ತದೆಯೇ? ಇನ್ನಷ್ಟು ಕೆಳಗಿಳಿಯಿತು. ಒಳಗೆ ರೇಣುಕವ್ವನ ದನಿ ಸಣ್ಣಗಾಗುತ್ತ ಬಂತು. ಎತ್ತು ಹೂಡಿ ಎಳೆಯದೆ ಬೇರೆ ದಾರಿ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳುವವರು ಮಾತ್ರ ಯಾರೂ ಇಲ್ಲ. ನಮ್ಮಪ್ಪ ಬದುಕಿದ್ದಷ್ಟು ದಿನ ಸೋಮವಾರ ಕೆಲಸಕ್ಕೆ ಎತ್ತಿನ ಹಗ್ಗ ಬಿಚ್ಚಿದವರಲ್ಲ. ನಾನೂ ಕೈಕಟ್ಟಿ ನಿಂತಿದ್ದೆ. ಕೊನೆಗೆ ಮಾತಾಡಿದವನು, ಕಾಲು ಮುರಿದುಕೊಂಡು ಮರದ ಬುಡದಲ್ಲಿ ಬಿದ್ದಿದ್ದ ಕರೆಪ್ಪ.

“ನನ್ನ ಕಾಲ ಆಮ್ಯಾಲ ನೋಡ್ರಿ ಧಣ್ಯಾರ. ಮೊದಲ ಎತ್ತ ಹೂಡ್ರಿ.”

ಗುಡಿಗೆ ಹೊರಟಿದ್ದ ನಮ್ಮವ್ವ ಚನ್ನವ್ವ ಕೈಯಲ್ಲಿ ಕಾಯಿ ಹಿಡಿದುಕೊಂಡೇ ಅಲ್ಲಿಗೆ ಬಂದಿದ್ದಳು. ನನ್ನ ಮುಖ ನೋಡಿ, “ಹೂಡು. ಬಸವಣ್ಣಗ ನಾ ಹೇಳ್ಕೋತೀನಿ,” ಅಂದಳು. ಹೂಡಿದೆವು. ನಮ್ಮ ಜೋಡಿಯ ಜೊತೆಗೆ ನೆರೆಮನೆಯ ಮೈಲಾರಪ್ಪನ ಜೋಡಿಯೂ ಬಂತು. ಮೋಟಾರು ಮೇಲೆ ಬಂತು. ಕರೆಪ್ಪನನ್ನೂ ಒಳಗೆ ಮಲಗಿಸಿಕೊಳ್ಳಿ ಎಂದು ಕೈಮುಗಿದು ಕೇಳಿದೆ. ಒಬ್ಬ ರೋಗಿಯನ್ನು ತರಲು ಮಾತ್ರ ಅಪ್ಪಣೆ ಇದೆ, ಇನ್ನೊಬ್ಬರನ್ನು ಹತ್ತಿಸಿದರೆ ಮೇಲಿನವರಿಗೆ ಜವಾಬು ಕೊಡಬೇಕಾಗುತ್ತದೆ ಎಂದು ನಿಮ್ಮ ಕಂಪೌಂಡರು ಬಾಗಿಲು ಹಾಕಿಕೊಂಡರು. ಎಂಥ ಶಿಸ್ತು! ಕಾಲು ಮುರಿಯಲು ಅಪ್ಪಣೆ ಬೇಕಿಲ್ಲ, ಮುರಿದ ಕಾಲನ್ನು ಒಯ್ಯಲು ಮಾತ್ರ ಬೇಕು.

ಆಮೇಲೆ ನಾವು ರಿಪೇರಿಗೆ ಅಚ್ಚು ಬಿಚ್ಚಿಟ್ಟಿದ್ದ ಮೈಲಾರಪ್ಪನ ಚಕ್ಕಡಿಯ ಒಂದು ಗಾಲಿ ತಂದು ನಮ್ಮದಕ್ಕೆ ಹಾಕಿ, ಹೇಗೂ ಹೂಡಿದ್ದ ಎತ್ತುಗಳನ್ನು ಅದಕ್ಕೇ ಕಟ್ಟಿ, ಕರೆಪ್ಪನನ್ನು ಅದರಲ್ಲಿ ಮಲಗಿಸಿದೆವು. ಎಲುಬು ಕೂಡಿಸುವ ಉಸ್ಮಾನಸಾಬರ ಮನೆಗೆ ಹೊರಡಬೇಕು ಅನ್ನುವಷ್ಟರಲ್ಲಿ ಪೊಲೀಸ್ ಠಾಣೆಯ ಫೌಜದಾರ ಸಾಹೇಬರು ದಯಮಾಡಿಸಿದರು. ಅವರ ಕಣ್ಣಿಗೆ ಬಿದ್ದದ್ದು ಏನು? ರಸ್ತೆಯಲ್ಲಿ ಮುರಿದ ಗಾಲಿ, ಮೋಟಾರಿನ ಗಾಜು, ಎತ್ತು ಹೂಡಿದ ಚಕ್ಕಡಿ, ಅದರಲ್ಲಿ ಪೆಟ್ಟು ಬಿದ್ದ ಮನುಷ್ಯ. ಎತ್ತು ಹೂಡಿದ್ದು ನಿಜವೇ ಎಂದು ಕರೆಪ್ಪನನ್ನೇ ಕೇಳಿದರು. ಈ ಮನುಷ್ಯ ಹೌದೆಂದ. ಹೌದೆಂದು ಸುಮ್ಮನಿದ್ದನೇ? ಶ್ರಾವಣ ಸೋಮವಾರ ಎತ್ತಿಗೆ ನೊಗ ಇಡಿಸಿದೆನಲ್ಲ ಎಂದು ಗುಡಿಯ ದಿಕ್ಕಿಗೆ ತಿರುಗಿ ಎರಡೂ ಗಲ್ಲ ಬಡಿದುಕೊಂಡ. ಅವನು ಬಸವಣ್ಣನಿಗೆ ಗಲ್ಲ ಬಡಿದುಕೊಂಡದ್ದನ್ನು ಫೌಜದಾರರು ತಮಗೇ ಸಂದಾಯವೆಂದು ತಿಳಿದು, ‘ಆರೋಪಿಯು ಎತ್ತು ಹೂಡಿದ್ದನ್ನು ಒಪ್ಪಿ, ಗಲ್ಲ ಬಡಿದುಕೊಂಡು ಪಶ್ಚಾತ್ತಾಪ ಪಟ್ಟಿರುತ್ತಾನೆ’ ಎಂದು ಪಂಚನಾಮೆಯಲ್ಲಿ ಬರೆದರು. ನಡುವೆ ನಾನು ಬಾಯಿ ಹಾಕಿದ್ದಕ್ಕೆ, ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದರೆ ನನ್ನ ಹೆಸರೂ ಸೇರುತ್ತದೆಂದು ತಿಳಿಹೇಳಿದರು.

ಕಾಯಿದೆ ಎಲ್ಲರಿಗೂ ಒಂದೇ ಎಂದು ಸಾಲೆಯಲ್ಲಿ ಕಲಿತಿದ್ದೆ. ಅದನ್ನು ಪರೀಕ್ಷಿಸೋಣವೆಂದು ರೋಣದ ವಕೀಲರೊಬ್ಬರ ಮನೆಗೆ ಹೋದೆ. ಅವರು ಕನ್ನಡಕ ಒರೆಸಿಕೊಂಡು, ದಾರಿಗಳು ಬೇಕಾದಷ್ಟಿವೆ ಎಂದರು. ಸರಕಾರದ ಮೇಲೆ ದಾವೆ ಹೂಡಬಹುದು. ಅದಕ್ಕೆ ಮೊದಲು ನೋಟೀಸು ಕೊಟ್ಟು ಎರಡು ತಿಂಗಳು ಕಾಯಬೇಕು. ಯಾವ ಸರಕಾರಕ್ಕೆ ಕೊಡುವುದು ಎಂದು ಕೇಳಿದೆ, ಯಾಕೆಂದರೆ ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಬಂದು ವರ್ಷ ತುಂಬುತ್ತ ಬಂದರೂ ನಿಮ್ಮ ಮೋಟಾರಿನ ಬಾಗಿಲ ಮೇಲೆ ಮುಂಬಯಿಯ ಹೆಸರು ಅರ್ಧ ಕೆರೆದಿದೆ, ಅರ್ಧ ಉಳಿದಿದೆ. ವಕೀಲರು ಕನ್ನಡಕವನ್ನು ಮತ್ತೊಮ್ಮೆ ಒರೆಸಿಕೊಂಡು, ಎರಡಕ್ಕೂ ಕೊಡೋಣ ಎಂದರು. ಕೊಟ್ಟರೂ, ಸರಕಾರವು ಸರಕಾರವಾಗಿ ಮಾಡಿದ ಕೆಲಸದಲ್ಲಿ ತನ್ನ ಆಳಿನ ತಪ್ಪಿಗೆ ತಾನು ಹೊಣೆಯಲ್ಲವೆಂದು ಅದು ಹೇಳಬಹುದಂತೆ. ಕರೆಪ್ಪನ ತಪ್ಪಿಗೆ ಧಣಿಯಾದ ನಾನು ಊರಿಗೆಲ್ಲ ಜವಾಬು ಕೊಡುತ್ತೇನೆ. ಸರಕಾರವೆಂಬ ಧಣಿಗೆ ಆ ತ್ರಾಸಿಲ್ಲ.

ಹಾಗಾದರೆ ಡ್ರೈವರನ ಮೇಲೆ ಫಿರ್ಯಾದಿ ಮಾಡಬಹುದು. ಅದು ಕೋರ್ಟು ಹತ್ತಿದರೆ ಮೊದಲು ಕೆಲಸ ಹೋಗುವುದು ಆ ಬಡಪಾಯಿಯದು, ನಿಮ್ಮ ಕುರ್ಚಿ ಅಲುಗಾಡುವುದಿಲ್ಲ. ಇನ್ನು ಫೌಜದಾರರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಪುರಾವೆಯಾಗಿ ನಡೆಯುವುದಿಲ್ಲವೆಂದೂ ವಕೀಲರು ಹೇಳಿದರು. ನನಗೆ ಜೀವ ಬಂದಂತಾಯಿತು. ಆದರೆ ಅದು ನಡೆಯುವುದಿಲ್ಲವೆಂದು ಕೋರ್ಟಿನ ಸಾಹೇಬರಿಗೆ ತಿಳಿಸುವತನಕ ಮುದ್ದತ್ತಿನ ಮೇಲೆ ಮುದ್ದತ್ತು, ತಾರೀಖಿನ ಮೇಲೆ ತಾರೀಖು ಬೀಳುತ್ತದೆ, ಪ್ರತಿ ಸಲವೂ ಆರೋಪಿ ಹಾಜರಿರಲೇಬೇಕು. ಬಿದಿರ ದಬ್ಬೆ ಕಟ್ಟಿದ ಕಾಲಿನವನನ್ನು ಅದೇ ಚಕ್ಕಡಿಯಲ್ಲಿ ರೋಣಕ್ಕೆ ಒಯ್ದು, ಕೋರ್ಟಿನ ಕಟ್ಟೆಯ ಮೇಲೆ ಸಂಜೆಯತನಕ ಕೂರಿಸಿ ತಿರುಗಿ ತರುತ್ತಿದ್ದೇವೆ. ಹಿಂಗಾರಿ ಬಿತ್ತನೆಗೆ ಕೂರಿಗೆ ಹಿಡಿಯಬೇಕಾದವನು ಅವನು. ಇಷ್ಟಾದ ಮೇಲೂ ಶಿಕ್ಷೆಯಾದರೆ ಜೈಲು. ಅವನ ಹೆಂಡತಿ ಹೊಳೆವ್ವ ನನ್ನೆದುರು ಅಳುವುದಿಲ್ಲ, ಆದರೆ ನಮ್ಮ ಅಂಗಳಕ್ಕೆ ಬಂದು ಸುಮ್ಮನೆ ಕೂತು ಹೋಗುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ.

ಎಲ್ಲಕ್ಕೂ ಸುಲಭದ ದಾರಿ ಕೊನೆಗಿತ್ತು. ತಪ್ಪು ಒಪ್ಪಿಕೊಂಡರೆ ಸಣ್ಣ ದಂಡದಲ್ಲಿ ಮುಗಿದೀತು ಎಂದರು ವಕೀಲರು. ಕರೆಪ್ಪ ಒಪ್ಪಿಯೇಬಿಟ್ಟಿದ್ದ, ನಾನೇ ಬೇಡವೆಂದು ಹಟ ಹಿಡಿದಿದ್ದೇನೆ. ನಿಂತ ಚಕ್ಕಡಿಯನ್ನು ಓಡಿಸಿದೆನೆಂದು ಒಬ್ಬ ಸತ್ಯವಂತನ ಬಾಯಿಂದ ಸುಳ್ಳು ಹೇಳಿಸಿ, ಅದಕ್ಕೆ ರಸೀದಿ ತರಲು ನನಗೆ ಮನಸ್ಸು ಬರುತ್ತಿಲ್ಲ.

ರೇಣುಕವ್ವನಿಗೆ ಹೆಣ್ಣುಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಚಲೋ ಇದ್ದಾರೆ. ಈಚೆಗೆ ಅವಳು ಕೂಸನ್ನೆತ್ತಿಕೊಂಡು ಬಂದು ಕರೆಪ್ಪನ ಮಡಿಲಲ್ಲಿ ಹಾಕಿ ಹೋದಳು. ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತೇನೆ ಎಂದಳು. ಅವಳು ಆಗ ಎಚ್ಚರ ತಪ್ಪಿದ್ದಳು, ಅವಳ ಸಾಕ್ಷಿ ಉಪಯೋಗವಿಲ್ಲ ಎಂದು ನಿಮ್ಮ ಕಚೇರಿಯಿಂದ ಬರೆದುಕೊಟ್ಟಿದ್ದೀರಂತೆ. ಎಚ್ಚರವಿದ್ದ ಡ್ರೈವರನನ್ನೂ ಕಂಪೌಂಡರನ್ನೂ ಕೇಳಿದ್ದೀರಾ? ಅಥವಾ ಎಚ್ಚರ ತಪ್ಪಿದವರು ಬೇರೆ ಯಾರಾದರೂ ಇದ್ದಾರೆಯೇ?

ಈಗ ಊರಿನಲ್ಲಿ ಒಂದು ಮಾತು ಹುಟ್ಟಿದೆ. ಇನ್ನು ಸೋಮವಾರ ಯಾರು ಸಿಕ್ಕಿಬಿದ್ದರೂ ಎತ್ತು ಹೂಡುವುದು ಬೇಡ, ಬಸವಣ್ಣನೂ ಮೆಚ್ಚುವುದಿಲ್ಲ, ಸರಕಾರವೂ ಮೆಚ್ಚುವುದಿಲ್ಲ ಎಂದು ಮೈಲಾರಪ್ಪನೇ ಮುಂದಾಗಿ ಹೇಳುತ್ತಿದ್ದಾನೆ. ಅಂದು ಕೇಳುವ ಮೊದಲೇ ತನ್ನ ಜೋಡಿ ತಂದವನು ಅವನೇ. ನಾನು ಈ ಪತ್ರ ಬರೆಯುತ್ತೇನೆಂದಾಗ ಕರೆಪ್ಪ ತನ್ನ ಖಟ್ಲೆಯ ಬಗ್ಗೆ ಒಂದು ಮಾತೂ ಬರೆಸಲಿಲ್ಲ. ಇಷ್ಟೇ ಹೇಳಿದ:

“ಮತ್ತೊಬ್ಬಾಕಿ ಹಿಂಗ ಸೋಮಾರ ಬಂದು ಸಿಕ್ಕೊಂಡ್ರ ಹೂಡೂದೋ ಬ್ಯಾಡೋ, ಅದೊಂದ ಸಾಹೇಬ್ರನ್ನ ಕೇಳ್ರಿ.”

ಕೇಳುತ್ತಿದ್ದೇನೆ. ಹೂಡಬಾರದು ಎನ್ನುವುದಾದರೆ ನಿಮ್ಮ ಸಹಿ ಹಾಕಿ ಬರೆದುಕೊಡಿ. ಅದನ್ನು ಬೇವಿನ ಮರಕ್ಕೆ ಹಚ್ಚುತ್ತೇವೆ, ಮೋಟಾರಿನೊಳಗೆ ಬಿದ್ದು ಒದ್ದಾಡುವವರಿಗೆ ಓದಿ ಹೇಳುತ್ತೇವೆ. ಹೂಡಬೇಕು ಎನ್ನುವುದಾದರೆ ಬರುವ ಮುದ್ದತ್ತಿನೊಳಗೆ ನಿಮ್ಮ ಫಿರ್ಯಾದಿ ಸುಳ್ಳೆಂದು ಕೋರ್ಟಿಗೆ ತಿಳಿಸಿರಿ, ಡ್ರೈವರನಿಗೂ ಕಂಪೌಂಡರಿಗೂ ನಿಜ ಹೇಳಿದರೆ ಕೆಲಸ ಹೋಗುವುದಿಲ್ಲವೆಂದು ಧೈರ್ಯ ಕೊಟ್ಟು ಕಟಕಟೆಗೆ ಕಳಿಸಿರಿ, ಮತ್ತು ನಿಮ್ಮ ಅದೇ ಮೋಟಾರು ಕಳಿಸಿ ಕರೆಪ್ಪನನ್ನು ದವಾಖಾನೆಗೆ ಒಯ್ದು ಕಾಲು ನೋಡಿಸಿರಿ. ಇವೆರಡರ ನಡುವೆ ಮೂರನೆಯ ಉತ್ತರ ನಮಗೆ ಬೇಡ.

ನಿಮ್ಮ ಉತ್ತರ ಬರಲು ತಡವಾಗುತ್ತದೆಂದು ಗೊತ್ತಿದೆ. ಅಲ್ಲಿಯತನಕ ಬೇವಿನ ಮರದ ಬುಡದಲ್ಲಿ ಸೋಮವಾರವೂ ಒಂದು ನೊಗ, ಒಂದು ದಪ್ಪ ಹಗ್ಗ ಇರುತ್ತವೆ. ಅವನ್ನು ಅಲ್ಲಿ ಇಡಿಸಿದವನು ಕರೆಪ್ಪ.

ಇಂತಿ,
ನಿಂತಲ್ಲೇ ಅತಿವೇಗದಿಂದ ಓಡಿದ ಚಕ್ಕಡಿಯ ಧಣಿ,
ಪ್ರಭುಲಿಂಗಪ್ಪ
ಅಬ್ಬಿಗೇರಿ, ರೋಣ ತಾಲೂಕು
ಅಕ್ಟೋಬರ್ ೧೯೫೭, ಒಂದು ಸೋಮವಾರ (ಎತ್ತುಗಳಿಗೆ ರಜೆ)