ಎಣ್ಣೆ ಬಾಟಲಿಯ ಕೆಳಗಿನ ಉಂಗುರ

ಗದಗ, ಫೆಬ್ರವರಿ ೩೦, ೨೧೮೯

ಪೂಜ್ಯ ಗುರುಸಿದ್ದಪ್ಪ ಮುತ್ಯಾ ಅವರಿಗೆ ಆರನೆಯ ತಲೆಮಾರಿನ ಮೊಮ್ಮಗಳು ಶಾಂಭವಿಯ ಶರಣು.

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಕರುಣೆ ತೋರಿ ಮೂವತ್ತು ದಿನ ಕೊಟ್ಟಿದ್ದಾರೆ. ಕರುಣೆ ಸಿಗದೆ ಉಳಿದದ್ದು ಹಳೆಯ ಲೆನ್ಸು ಮಾತ್ರ. ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ, ಬಿಡಿಸಿ ಹೇಳುತ್ತೇನೆ.

ಲೆನ್ಸು ಕೂರುವ ಜಾಗಕ್ಕೆ ನೀವು ಮೌಂಟ್ ಎನ್ನುತ್ತೀರಿ. ನಾವು ಕ್ಯಾಮೆರಾದ ಬಾಯಿ ಎನ್ನುತ್ತೇವೆ. ಕಂಪನಿಯವರು ಆ ಬಾಯಿಯ ಅಳತೆ ಬದಲಿಸಿ, ಊರಿನ ಲೆನ್ಸುಗಳನ್ನೆಲ್ಲ ಪೇಪರ್‌ವೇಟ್ ಮಾಡುವ ವರ್ಷಕ್ಕೆ ‘ಬಾಯಿಬದಲು’ ಎಂದು ಹೆಸರು. ಪ್ರತಿ ಬಾಯಿಬದಲಿಗೂ ಹಳೆಯ ಲೆನ್ಸನ್ನು ಹೊಸ ಬಾಯಿಗೆ ಕೂರಿಸುವ ಉಂಗುರವೊಂದನ್ನು ಕೊಡುತ್ತಾರೆ. ಎರಡು ವರ್ಷ ಕಳೆದ ಮೇಲೆ ಉಂಗುರವೂ ಇಲ್ಲ, ಉತ್ತರವೂ ಇಲ್ಲ. ಹಾಗಾಗಿ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬಳುವಳಿಯಾಗಿ ಬಂಗಾರಕ್ಕಿಂತ ಮೊದಲು ಈ ಉಂಗುರಗಳನ್ನೇ ಕೊಡುವುದು. ನನ್ನ ಬಳಿ ಎರಡನೆಯದಿದೆ, ಮೂರನೆಯದಿದೆ. ನಿಮ್ಮ ಲೆನ್ಸಿನಿಂದ ಇಂದಿನ ಕ್ಯಾಮೆರಾದವರೆಗೆ ಒಂದಕ್ಕೊಂದು ಕೂರಬೇಕಾದ ಈ ಸಾಲಿನಲ್ಲಿ ಮೊದಲನೆಯದೇ ಇಲ್ಲ.

ಮನೆಯಲ್ಲಿ ಎಂಬತ್ತು ತುಂಬಿದವರ ಫೋಟೊವನ್ನು ನಿಮ್ಮ ಲೆನ್ಸಿನಲ್ಲೇ ತೆಗೆದು ಪಡಸಾಲೆಯಲ್ಲಿ ಸಾಲಾಗಿ ತೂಗುಹಾಕುವ ಪದ್ಧತಿ ನೀವು ಹಾಕಿಕೊಟ್ಟದ್ದು. ಇಷ್ಟು ದಿನ ನಿಮ್ಮ ಹಳೆಯ ಕ್ಯಾಮೆರಾ ಹೇಗೋ ಜೀವ ಹಿಡಿದುಕೊಂಡಿತ್ತು. ಹೋದ ತಿಂಗಳು ಅದೂ ಲಿಂಗೈಕ್ಯವಾಯಿತು. ಬರುವ ಸೋಮವಾರ ಅಜ್ಜಿ ನೀಲಗಂಗವ್ವನಿಗೆ ಎಂಬತ್ತು.

ಅಜ್ಜಿಯನ್ನೂ ಕರೆದುಕೊಂಡು ‘ಸಾಂತ್ವನ ಕೇಂದ್ರ’ಕ್ಕೆ ಹೋದೆ. ಹಳೆಯ ಲೆನ್ಸಿನವರಿಗೆ ಕಂಪನಿಯವರು ಉಂಗುರದ ಬದಲು ಸಮಾಧಾನ ಹೇಳುವ ಕಚೇರಿ ಅದು. ಅಲ್ಲಿನವನು ಕೈಮುಗಿದು, “ನಿಮ್ಮ ಲೆನ್ಸಿಗೆ ವಯಸ್ಸಾಗೇದ ಅಜ್ಜಿ, ನಿಮ್ಮ ದುಃಖದಾಗ ನಾವೂ ಅದೀವಿ” ಎಂದ. ಅಜ್ಜಿ, “ನನಗೂ ವಯಸ್ಸಾಗೇದ. ಹಂಗಂತ ನನ್ನ ಬಾಯಿಗೆ ಊಟ ಹೊಂದೂದಿಲ್ಲ ಅಂತಾರೇನೋ ತಮ್ಮಾ?” ಎಂದಳು. ಅವನು ಇಬ್ಬರಿಗೂ ಚಹಾ ಕೊಟ್ಟು ಕಳಿಸಿದ.

ಕೊನೆಗೆ ಬಳೆ ಮಾಡುವವರಿಂದ ಮೊದಲ ಉಂಗುರದಂಥದ್ದೊಂದನ್ನು ಮಾಡಿಸಿದೆ. ಪಾಪ, ಗಟ್ಟಿಯಾಗಿರಲಿ ಎಂದು ಎರಡು ಬೆರಳು ದಪ್ಪ ಮಾಡಿಬಿಟ್ಟರು. ಲೆನ್ಸು ಅಷ್ಟು ಮುಂದೆ ಸರಿದದ್ದರಿಂದ ಈಗ ಅದಕ್ಕೆ ಗೇಣಿನಾಚೆಗಿನದೇನೂ ಸ್ಪಷ್ಟವಾಗಿ ಕಾಣುವುದಿಲ್ಲ. ಹತ್ತಿರ ಹೋಗಿ ತೆಗೆದರೆ ಬಂದದ್ದು ಮೂಗುತಿ ಮಾತ್ರ. ಅಜ್ಜಿ ನೋಡಿ, “ಎಂಬತ್ತಾಗೂದು ನನಗವ್ವಾ, ಮೂಗುತಿಗಲ್ಲ” ಎಂದಳು. ಆಮೇಲೆ ಗೋಡೆಯಲ್ಲಿ ತನ್ನ ಅವ್ವನ ಫೋಟೊದ ಪಕ್ಕದ ಖಾಲಿ ಜಾಗವನ್ನೇ ನೋಡುತ್ತ ಕೂತಳು.

ಮುತ್ಯಾ, ಆ ಮೊದಲ ಉಂಗುರ ನಿಮ್ಮ ಹೊಸ ಕ್ಯಾಮೆರಾದ ಡಬ್ಬಿಯಲ್ಲೇ ಇತ್ತು. ನೀವದನ್ನು ಪಾತ್ರೆ ಕೂರಿಸುವ ಸಿಂಬಿ ಎಂದುಕೊಂಡು ಎಣ್ಣೆ ಬಾಟಲಿಯ ಕೆಳಗಿಟ್ಟಿರಿ. ಜಿಡ್ಡು ಹಿಡಿದು ಒಂದು ದಿನ ಅದು ಗುಜರಿಗೆ ಹೋಯಿತು. ಈ ಕಥೆ ಹೇಳಿಕೊಂಡು ಆರು ತಲೆಮಾರು ನಕ್ಕಿದ್ದೇವೆ. ಈಗ ನಗು ಬರುತ್ತಿಲ್ಲ.

ಕಂಪನಿಯವರನ್ನು ತಿದ್ದುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಆದರೆ ನಿಮ್ಮ ಕಾಲದಲ್ಲಿ ಉಂಗುರ ಇನ್ನೂ ಗುಜರಿಗೆ ಹೋಗಿಲ್ಲ, ದಯವಿಟ್ಟು ಎದ್ದು ಅಡುಗೆಮನೆಗೆ ಹೋಗಿ. ಬಾಟಲಿ ಎತ್ತಿ, ಉಂಗುರ ಒರೆಸಿ, ಲೆನ್ಸಿನ ಜೊತೆಗೇ ಕಟ್ಟಿಡಿ. ಬಾಟಲಿಯ ಕೆಳಗೆ ಹಳೆಯ ಪೇಪರ್ ಮಡಚಿಟ್ಟರೆ ಸಾಕು. ಇಲ್ಲಿ ಗೋಡೆಗೆ ಮೊಳೆ ಹೊಡೆದಾಗಿದೆ.