ಚಿಕ್ಕಪ್ಪನ ಗಂಟಲಿನ ಲೇಖನ ತಮ್ಮ ಬಳಿ ಇದೆ

ಗ್ರಂಥಾಲಯ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ತಾವು ಎರವಲು ಪಡೆದಿರುವ ವೈಜ್ಞಾನಿಕ ಲೇಖನವನ್ನು ದಯವಿಟ್ಟು ಹಿಂತಿರುಗಿಸಿ. ಓದುತ್ತಿದ್ದರೆ ಬೇಗ ಮುಗಿಸಿ. ಓದುತ್ತಿಲ್ಲವಾದರೆ ಇನ್ನೂ ಬೇಗ ಮುಗಿಸಿ.

ಅದು ನಮ್ಮ ಚಿಕ್ಕಪ್ಪನ ಗಂಟಲಿಗೆ ಸಂಬಂಧಿಸಿದ್ದು. ಚಿಕ್ಕಪ್ಪ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವರು. ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಧ್ವನಿಯ ನರ ಮುಷ್ಕರ ಹೂಡಿದೆ. ಈಗ ಬೆಲೆ ಏರಿದರೆ ಹುಬ್ಬು ಏರಿಸುತ್ತಾರೆ, ಇಳಿದರೆ ಇಳಿಸುತ್ತಾರೆ. ಹುಬ್ಬಿನಿಂದ ಹರಾಜು ನಡೆಯುವುದಿಲ್ಲ. ಮಾರುಕಟ್ಟೆಯವರು ಒಳ್ಳೆಯವರು, ಕಾಯುತ್ತೇವೆ ಎಂದಿದ್ದಾರೆ. ಟೊಮೆಟೊ ಹಾಗೆಂದು ಮಾತು ಕೊಟ್ಟಿಲ್ಲ. ಚಿಕ್ಕಮ್ಮ ಮಾತ್ರ ನೆರೆಯವರ ಮುಂದೆ, "ಮದುವೆ ಆದಮೇಲೆ ಇದೇ ಮೊದಲು ನೋಡಿ, ನಾನು ಶುರು ಮಾಡಿದ ಮಾತನ್ನ ನಾನೇ ಮುಗಿಸ್ತಿರೋದು" ಎಂದು ನಗುತ್ತಾರೆ. ನಕ್ಕಾದ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾರೆ.

ಧ್ವನಿ ಚಿಕಿತ್ಸೆ ಮಾಡುವ ಡಾಕ್ಟರಮ್ಮ ಹೇಳಿದ್ದಿಷ್ಟು: ಇಂಥ ಗಂಟಲಿಗೆಂದೇ ಒಂದು ವ್ಯಾಯಾಮ ಕ್ರಮವಿದೆ, ಅದರ ಸಾರಾಂಶ ಮಾತ್ರ ಅವರಿಗೆ ಸಿಕ್ಕಿದೆ, ಪೂರ್ತಿ ನೋಡದೆ ಮಾಡಿಸಿದರೆ ಅಪಾಯ. "ಆ ಲೇಖನ ಬೇಗ ತರಿಸ್ಕೊಡಿ. ಒಂದು ಹಂತ ದಾಟಿದ್ರೆ ನರ ಮತ್ತೆ ಮಾತು ಕೇಳಲ್ಲ."

ಹಿಂದೆ ಇಂಥ ಲೇಖನಕ್ಕಾಗಿ ದೂರದ ವಿಶ್ವವಿದ್ಯಾಲಯಕ್ಕೆ ಬರೆಯಬೇಕಿತ್ತು. ಅಲ್ಲಿನವರು ಜೆರಾಕ್ಸ್ ಮಾಡಿ ಅಂಚೆಗೆ ಹಾಕುತ್ತಿದ್ದರು. ಆಮೇಲೆ ಫ್ಯಾಕ್ಸ್ ಬಂತು; ಚಿತ್ರಗಳೆಲ್ಲ ಮಸಿಯ ಮುದ್ದೆ, ಕಾಗದ ಸುರುಳಿ ಸುರುಳಿ. ಈಗ ತಾವು ವಿದ್ಯುನ್ಮಾನ ವಿತರಣಾ ವ್ಯವಸ್ಥೆ ತಂದಿದ್ದೀರಿ. ಲೇಖನ ಪ್ರಪಂಚದ ಆ ತುದಿಯಿಂದ ಹೊರಟು, ಗ್ರಂಥಪಾಲಕರು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಬಂದು ಕೂತಿತಂತೆ. ಪರದೆಯಿಂದ ಮೇಜಿನ ಈಚೆಗಿರುವ ನನ್ನ ಕುರ್ಚಿಗೆ ಮಾತ್ರ ಇನ್ನೂ ತಲುಪಿಲ್ಲ.

"ಬಂದಿದೆ ಕಣಪ್ಪ, ನನ್ನ ಕಣ್ಣ ಮುಂದೇನೇ ಬಂತು. ಆದ್ರೆ ಈಗ ಹೊರಗಿದೆ" ಎಂದರು ಗ್ರಂಥಪಾಲಕರು.

"ಹೊರಗೆ ಅಂದ್ರೆ?"

"ಓದುಗರ ಹತ್ರ. ನಿರ್ದೇಶಕರು ತಗೊಂಡಿದಾರೆ. ಗುಣಮಟ್ಟ ಪರಿಶೀಲನೆಗೆ."

ಪುಸ್ತಕ ಹೇಗೋ ಲೇಖನವೂ ಹಾಗೆ, ಒಂದು ಹೊತ್ತಿಗೆ ಒಬ್ಬರಿಗೇ ಎಂಬುದು ತಮ್ಮದೇ ನಿಯಮ. ಇರುವುದನ್ನೇ ಮತ್ತೆ ತರಿಸುವುದು ದುಂದು ಎಂಬುದು ತಮ್ಮದೇ ಸುತ್ತೋಲೆ. ಎಷ್ಟು ಜನ ನೋಡಿದರೂ ಸವೆಯದ, ಮೂಲೆ ಮಡಚದ, ಚಹಾದ ಕಲೆ ಅಂಟದ ವಸ್ತುವನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುವ ಕಲೆ ತಮಗೆ ಹೇಗೆ ಸಿದ್ಧಿಸಿತು? ತಮ್ಮ ಕಚೇರಿಗೆ ಫೋನು ಮಾಡಿದರೆ ಸಹಾಯಕರು "ಸಾಹೇಬ್ರು ಓದ್ತಿದಾರೆ" ಎನ್ನುತ್ತಾರೆ. ಗಂಟಲಿನ ನರದ ಬಗ್ಗೆ ತಮಗಿರುವ ಈ ತಾಳ್ಮೆಯ ಆಸಕ್ತಿ ನಮ್ಮ ಕುಟುಂಬವನ್ನು ಮೂಕವಾಗಿಸಿದೆ. ಚಿಕ್ಕಪ್ಪ ಮೊದಲೇ ಆಗಿದ್ದರು.

ಈಗ ಒಂದು ಸಣ್ಣ ವಿಷಯ. ಸೋಮವಾರ ಈ ವ್ಯವಸ್ಥೆಯ ಉದ್ಘಾಟನೆ. ತಮ್ಮ ಭಾಷಣವೂ ಇದೇ ವ್ಯವಸ್ಥೆಯ ಮೂಲಕ ಅತಿಥಿಗಳ ಎದುರೇ ವೇದಿಕೆಯ ಪರದೆಗೆ ಬಂದಿಳಿಯಲಿ ಎಂದು ತಾವು ಅದನ್ನು ಈಗಾಗಲೇ ಅದಕ್ಕೆ ಏರಿಸಿದ್ದೀರಿ. ಮನಮುಟ್ಟುವ ಭಾಷಣ, ಓದಿದೆ. ನಿಯಮದಂತೆ ಕೇಳಿದೆ, ಗ್ರಂಥಪಾಲಕರು ನಿಯಮದಂತೆ ಕೊಟ್ಟರು. ಕೊಡುವಾಗ ಅವರು ನಗಲಿಲ್ಲ. ಕನ್ನಡಕವನ್ನು ಮಾತ್ರ ಬಹಳ ಹೊತ್ತು ಒರೆಸಿದರು. ಅದೀಗ ಹೊರಗಿದೆ. ಮತ್ತೊಮ್ಮೆ ಏರಿಸಬಾರದೇ ಎಂದು ತಮಗೆ ಅನ್ನಿಸಬಹುದು. ದುಂದಾಗುತ್ತದೆ, ಮಾನ್ಯರೇ.

ಆದ್ದರಿಂದ ನನ್ನ ಬೇಡಿಕೆ ಸರಳ. ತಮ್ಮ ಪರದೆಯ ಕೆಳಮೂಲೆಯಲ್ಲಿ "ಹಿಂತಿರುಗಿಸು" ಎಂಬ ಗುಂಡಿಯಿದೆ. ತಾವು ಒತ್ತಿದ ಮರುಗಳಿಗೆ ನಾನೂ ಒತ್ತುತ್ತೇನೆ. ಲೇಖನ ಡಾಕ್ಟರಮ್ಮನಿಗೆ, ಭಾಷಣ ತಮಗೆ.

ಒತ್ತದಿದ್ದರೂ ಚಿಂತೆಯಿಲ್ಲ, ವೇದಿಕೆ ಹತ್ತಿ. ಮುಂದಿನ ಸಾಲಿನಲ್ಲೇ ಚಿಕ್ಕಪ್ಪ ಕೂತಿರುತ್ತಾರೆ. ತಾವು ಹುಬ್ಬಿನಲ್ಲಿ ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಉಳಿದವರಿಗೆ ಬಿಡಿಸಿ ಹೇಳಲು ಮಾತ್ರ ಅವರಿಂದಾಗದು.

ಇಂತಿ,
ತಮ್ಮ ಭಾಷಣದ ಗುಣಮಟ್ಟವನ್ನು ಇನ್ನೂ ಪರಿಶೀಲಿಸುತ್ತಿರುವ
ಒಬ್ಬ ನಿಯಮಪಾಲಕ ಓದುಗ